ಭಾನುವಾರದ ಪೂಜೆ ಗುರುವಾರ ಸಂಜೆಯೇ ಶುರುವಾಗಲಿ

ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುತ್ತಿರುವ ಯಾರನ್ನಾದರೂ ನಿಲ್ಲಿಸಿ, "ಇವತ್ತಿನ ಶುಭಸಂದೇಶ ಏನಿತ್ತು?" ಅಂತ ಕೇಳಿ ನೋಡಿ. ಶುಭಸಂದೇಶ ಅಂದರೆ ಪೂಜೆಯಲ್ಲಿ ಓದುವ, ಯೇಸುಸ್ವಾಮಿಯ ಬದುಕು, ಮಾತು ಇರುವ ಬೈಬಲ್ ಭಾಗ. ಬಹಳ ಜನ ಒಂದು ಗಳಿಗೆ ಸುಮ್ಮನಾಗುತ್ತಾರೆ. ಅವರಿಗೆ ಭಕ್ತಿ ಕಡಿಮೆ ಅಂತಲ್ಲ. ಮಳೆ ಬಂದರೂ, ಮನೆಯಲ್ಲಿ ನೆಂಟರಿದ್ದರೂ ಪೂಜೆ ತಪ್ಪಿಸದವರೇ ಅವರು. ಆದರೆ ದೇವರ ವಾಕ್ಯ ವಾರಕ್ಕೊಮ್ಮೆ, ಒಂದೇ ಸಲ ಕಿವಿಗೆ ಬೀಳುತ್ತದೆ. ಅಷ್ಟಕ್ಕೇ ಅದು ಮನಸ್ಸಿನಲ್ಲಿ ಕೂರಬೇಕು ಅಂದರೆ ಹೇಗೆ ಹೇಳಿ?

ನಾನು ಹುಬ್ಬಳ್ಳಿಯವಳು. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನ ಭೋಂಗಾ ಕೇಳುತ್ತಾ ಬೆಳೆದವಳು. ಅಪ್ಪ ಅಲ್ಲೇ ಫಿಟ್ಟರ್ ಆಗಿದ್ದರು. 19 ವರ್ಷಗಳಿಂದ ನಮ್ಮ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. 9 ವರ್ಷಗಳಿಂದ ಪ್ರತಿ ಗುರುವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರಿ, ಮುಂದಿನ ಭಾನುವಾರದ ಶುಭಸಂದೇಶವನ್ನು ಓದುತ್ತೇವೆ. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದೇ. ಜನರ ವಿಶ್ವಾಸ ಆಳವಾಗಬೇಕಾದರೆ, ವಾಕ್ಯ ಅವರ ಕಿವಿಗೆ ಬಿದ್ದರೆ ಸಾಲದು, ಅವರ ಬಾಯಿಂದ ಬರಬೇಕು. ನಿಮ್ಮ ಓಣಿಯಲ್ಲೂ ಇದನ್ನು ಶುರುಮಾಡುವ ಮನಸ್ಸಿದ್ದರೆ, ನಾವು ಮಾಡುವ ರೀತಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನಿಮ್ಮ ಫಾದರ್ ಹತ್ತಿರ ಮಾತಾಡಿ. ಅವರಿಗೆ ಗೊತ್ತಿಲ್ಲದೆ ಏನನ್ನೂ ಶುರುಮಾಡಬೇಡಿ. ಇದು ಹೊಸ ಸಂಘ ಅಲ್ಲ, ಚಂದಾ ಇಲ್ಲ, ಪದಾಧಿಕಾರಿಗಳಿಲ್ಲ ಅಂತ ಬಿಡಿಸಿ ಹೇಳಿ. ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ, ಪೂಜೆಯಲ್ಲಿ ಗುರುಗಳು ಹೇಳುವ ಪ್ರಬೋಧನೆ ಎಂಟು ನಿಮಿಷ ಮೀರಬಾರದು ಅಂದಿದ್ದರು. ಎಂಟು ನಿಮಿಷದಲ್ಲಿ ಗುರುಗಳು ಬೀಜ ಬಿತ್ತಬಹುದು. ನೆಲ ಮೊದಲೇ ಹದವಾಗಿರಬೇಕು, ಅಲ್ವಾ? ಗುರುವಾರದ ಕೆಲಸ ಅದು.

ಹತ್ತು ಮನೆ ಸಾಕು. ನಡೆದುಕೊಂಡು ಹೋಗುವಷ್ಟು ಹತ್ತಿರ ಇರಬೇಕು. ವಯಸ್ಸಾದವರು ಆಟೋ ಹಿಡಿದು ಬರಬೇಕು ಅಂತಾದರೆ ಮೂರನೇ ವಾರಕ್ಕೇ ನಿಲ್ಲುತ್ತಾರೆ. ಸಮಯ ಏಳೂವರೆ ಒಳ್ಳೆಯದು. ಕೆಲಸದಿಂದ ಬಂದವರು ಮುಖ ತೊಳೆದು, ಚಹಾ ಕುಡಿದಿರುತ್ತಾರೆ. ಹೆಣ್ಣುಮಕ್ಕಳು ರೊಟ್ಟಿ ಬಡಿದು ಮುಗಿಸಿರುತ್ತಾರೆ, ಇಲ್ಲವೇ ಬಂದು ಬಡಿಯುತ್ತೇನೆ ಅಂದುಕೊಂಡು ಹೊರಟಿರುತ್ತಾರೆ. 40 ನಿಮಿಷ ಅಂದರೆ 40 ನಿಮಿಷ. ಎಷ್ಟೇ ಚೆನ್ನಾಗಿ ಮಾತು ನಡೆಯುತ್ತಿದ್ದರೂ ಎಂಟೂಕಾಲರೊಳಗೆ ಎಲ್ಲರೂ ಮನೆಗೆ ಹೊರಡಬೇಕು. ಹೊತ್ತಿಗೆ ಸರಿಯಾಗಿ ಬಿಡುತ್ತಾರೆ ಅನ್ನುವ ನಂಬಿಕೆ ಬಂದ ಮೇಲೇ ಜನ ಮತ್ತೆ ಬರುವುದು.

ಕರೆಯೋದಕ್ಕೆ ನೀವೇ ಹೋಗಿ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಕರೆ ಎಲ್ಲರಿಗೂ ಹೋಗುತ್ತದೆ, ಯಾರಿಗೂ ತಟ್ಟುವುದಿಲ್ಲ. ಬಾಗಿಲಿಗೆ ಹೋಗಿ, ಹೆಸರು ಹಿಡಿದು, ಒಂದು ಕೆಲಸ ಕೊಟ್ಟು ಕರೆಯಿರಿ. "ಮಾಮಾ, ಈ ಗುರುವಾರ ನೀವು ಓದಬೇಕ್ರಿ." "ಅಕ್ಕಾರ, ಮುಂದಿನ ವಾರ ನಿಮ್ಮನ್ಯಾಗ ಸೇರೋಣೇನ್ರಿ?" ಬರೀ "ಬರ್ರಿ" ಅಂದರೆ "ನೋಡೋಣ್ರಿ" ಅನ್ನುತ್ತಾರೆ. ತನ್ನಿಂದ ಒಂದು ಕೆಲಸ ಆಗಬೇಕಿದೆ ಅಂತ ಗೊತ್ತಾದರೆ ಮನುಷ್ಯ ಬಂದೇ ಬರುತ್ತಾನೆ.

ತಿಂಡಿಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಬೇಕು. ನಮ್ಮಲ್ಲಿ ಮನೆಗೆ ಬಂದವರಿಗೆ ಏನಾದರೂ ಕೊಡದೆ ಕಳಿಸುವುದಿಲ್ಲ, ಅದು ಈ ಊರಿನ ಗುಣ. ಮೊದಲ ಮನೆಯಲ್ಲಿ ಚಹಾ ಕೊಟ್ಟರು. ಎರಡನೇ ಮನೆಯಲ್ಲಿ ಚಹಾದ ಜೊತೆ ಗಿರಮಿಟ್ಟು ಬಂತು. ಮೂರನೆಯವರು ಗಿರಮಿಟ್ಟಿನ ಜೊತೆ ಮಿರ್ಚಿ ಕರಿದರು. ನಾಲ್ಕನೇ ಮನೆಯ ಹೆಣ್ಣುಮಗಳು, "ನಮ್ಮನ್ಯಾಗ ಈ ವಾರ ಬ್ಯಾಡ್ರಿ, ಜಾಗಾ ಸಾಲೂದಿಲ್ರಿ" ಅಂದಳು. ಜಾಗ ಇತ್ತು. ಮಿರ್ಚಿ ಕರಿಯುವಷ್ಟು ಎಣ್ಣೆ ಇರಲಿಲ್ಲ. ನನಗೆ ಅದು ತಿಳಿಯುವಷ್ಟರಲ್ಲಿ ಎರಡು ತಿಂಗಳಾಗಿತ್ತು. ಅವತ್ತಿನಿಂದ ನೀರು ಮಾತ್ರ ಅಂತ ಮಾಡಿದೆವು. ಇದನ್ನು ಮೊದಲ ದಿನವೇ ಹೇಳಿಬಿಡಿ. ದುಡ್ಡಿನ ಮಾತೂ ಅಷ್ಟೇ. ಚರ್ಚಿನ ಹಬ್ಬದ ವಂತಿಗೆ, ಕಟ್ಟಡದ ಬಾಕಿ, ಯಾವುದನ್ನೂ ಗುರುವಾರ ಎತ್ತಬೇಡಿ. ವಂತಿಗೆ ಬಾಕಿ ಇದೆ ಅನ್ನುವ ನಾಚಿಕೆಗೇ ಪೂಜೆಗೆ ಬರುವುದನ್ನು ಬಿಟ್ಟ ಮನೆಗಳನ್ನು ನಾನು ನೋಡಿದ್ದೇನೆ.

ಈಗ ಓದುವುದು ಯಾವುದನ್ನು ಅನ್ನುವ ವಿಷಯ. ನಮಗೆ ಇಷ್ಟವಾದ ಭಾಗ ಆರಿಸಿಕೊಳ್ಳುವುದಿಲ್ಲ. ಬರುವ ಭಾನುವಾರ ಪೂಜೆಯಲ್ಲಿ ಯಾವ ಶುಭಸಂದೇಶ ಇದೆಯೋ ಅದನ್ನೇ ಓದುತ್ತೇವೆ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಒಂದು ವರ್ಷ ಹೆಚ್ಚಾಗಿ ಮತ್ತಾಯ ಬರೆದ ಶುಭಸಂದೇಶ, ಮರುವರ್ಷ ಮಾರ್ಕ, ಅದರ ಮರುವರ್ಷ ಲೂಕ. ಯಾವ ವರ್ಷ ಯಾರದು ಅಂತ ತಿಳಿಯಲು ಮಕ್ಕಳಿಗೆ ನಾನು ಹೇಳಿಕೊಡುವ ಲೆಕ್ಕ ಇದೆ. ವರ್ಷವನ್ನು ಮೂರರಿಂದ ಭಾಗಿಸಿ. ಶೇಷ ಒಂದು ಉಳಿದರೆ ಮತ್ತಾಯ, ಎರಡು ಉಳಿದರೆ ಮಾರ್ಕ, ಏನೂ ಉಳಿಯದಿದ್ದರೆ ಲೂಕ. 2026ಕ್ಕೆ ಒಂದು ಉಳಿಯುತ್ತದೆ, ಆದ್ದರಿಂದ ಅದು ಮತ್ತಾಯನ ವರ್ಷ. ಒಂದು ಮಾತು ನೆನಪಿರಲಿ. ಚರ್ಚಿನ ವರ್ಷ ಜನವರಿಗೆ ಶುರುವಾಗುವುದಿಲ್ಲ, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲೇ ಶುರುವಾಗುತ್ತದೆ. ನಾಲ್ಕನೇ ಶುಭಸಂದೇಶ ಬರೆದ ಯೊವಾನ್ನನಿಗೆ ಬೇರೆ ವರ್ಷ ಇಲ್ಲ. ಅವನು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ, ಈಸ್ಟರ್‌ನಿಂದ ಶುರುವಾಗುವ ಪಾಸ್ಖ ಕಾಲದಲ್ಲಿ ಬರುತ್ತಾನೆ. ಮಾರ್ಕನ ವರ್ಷದ ಜುಲೈ-ಆಗಸ್ಟ್ ಹೊತ್ತಿಗೆ ಯೊವಾನ್ನನ ಆರನೇ ಅಧ್ಯಾಯ, ಜೀವದ ರೊಟ್ಟಿಯ ಮಾತು, ಐದು ಭಾನುವಾರ ನಡೆಯುತ್ತದೆ. ಆ ಐದು ಗುರುವಾರಗಳನ್ನು ಯಾವ ಕಾರಣಕ್ಕೂ ಬಿಡಬೇಡಿ. ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದ ಅಂದರೆ ಏನು ಅಂತ ಜನ ತಮ್ಮ ಮಾತಿನಲ್ಲಿ ಹೇಳಲು ಕಲಿಯುವುದು ಅಲ್ಲೇ.

ಕೂತ ಮೇಲೆ ಏನು ಮಾಡಬೇಕು? ದಕ್ಷಿಣ ಆಫ್ರಿಕಾದ ಲುಮ್ಕೊ ಅನ್ನುವ ಕಥೋಲಿಕ ತರಬೇತಿ ಕೇಂದ್ರದಿಂದ ಬಂದ ಏಳು ಮೆಟ್ಟಿಲಿನ ಪದ್ಧತಿ ಇದೆ. ಓದು ಬರಹ ಕಡಿಮೆ ಇದ್ದವರೂ ಗುರುಗಳಿಲ್ಲದ ಹೊತ್ತಿನಲ್ಲಿ ಒಟ್ಟಿಗೆ ಕೂತು ಓದಲು ಆಗಬೇಕು ಅಂತ ಮಾಡಿದ್ದು. ಏಷ್ಯಾದ ಕಿರು ಕ್ರೈಸ್ತ ಸಮುದಾಯಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ನಾವು ಅದನ್ನೇ ಹಿಡಿದಿದ್ದೇವೆ. ಮೊದಲು ಯಾರಾದರೊಬ್ಬರು ತಮ್ಮ ಮಾತಿನಲ್ಲಿ ಯೇಸುಸ್ವಾಮಿಯನ್ನು ಮನೆಯೊಳಗೆ ಕರೆಯುತ್ತಾರೆ. ಆಮೇಲೆ ಒಬ್ಬರು ನಿಧಾನವಾಗಿ ಓದುತ್ತಾರೆ. ಮೂರನೆಯದೇ ಇದರ ಜೀವ. ಪ್ರತಿಯೊಬ್ಬರೂ ತಮಗೆ ತಟ್ಟಿದ ಒಂದು ಪದವನ್ನೋ ಸಾಲನ್ನೋ ಆರಿಸಿ ಗಟ್ಟಿಯಾಗಿ ಹೇಳಬೇಕು. ವಿವರಣೆ ಬೇಡ. ಬರೀ ಆ ಪದ. ಮೂರು ಸಲ, ನಡುವೆ ಸ್ವಲ್ಪ ಸುಮ್ಮನಿದ್ದು ಹೇಳಬೇಕು. ನಾಲ್ಕನೆಯದು ಮೌನ. ನಾವು ಮೂರು ನಿಮಿಷ ಗಡಿಯಾರ ನೋಡಿ ಸುಮ್ಮನಿರುತ್ತೇವೆ. ಐದನೆಯದು, ಆ ಪದ ಯಾಕೆ ತಟ್ಟಿತು ಅಂತ ಹಂಚಿಕೊಳ್ಳುವುದು. ಆರನೆಯದು, ಈ ವಾರ ನಾವೇನು ಮಾಡಬೇಕು ಅಂತ ನಿರ್ಧರಿಸುವುದು. ಏಳನೆಯದು ಪ್ರಾರ್ಥನೆ.

ಮೂರನೇ ಮೆಟ್ಟಿಲನ್ನು ಅವಸರದಲ್ಲಿ ದಾಟಿಸಬೇಡಿ. ಒಂದು ಪದ ಹೇಳಲು ಯಾರಿಗೂ ಹೆದರಿಕೆ ಇರುವುದಿಲ್ಲ. "ನಮಗೇನ್ ತಿಳೀತದ್ರಿ ಬೈಬಲ್" ಅನ್ನುತ್ತಿದ್ದ ಅಜ್ಜಿಯೂ "ದ್ರಾಕ್ಷಿತೋಟ" ಅಂತ ಹೇಳಬಲ್ಲಳು. ಆ ಒಂದು ಪದ ಬಾಯಿಂದ ಬಂದ ಮೇಲೆ ಮುಂದಿನದು ತಾನಾಗಿ ಬರುತ್ತದೆ.

ದ್ರಾಕ್ಷಿತೋಟ ಅಂದೆನಲ್ಲ, ಆ ಸಂಜೆಯ ಮಾತು ಹೇಳಲೇಬೇಕು. ಮತ್ತಾಯ 20ನೇ ಅಧ್ಯಾಯ ಓದುತ್ತಿದ್ದೆವು. ಮತ್ತಾಯನ ವರ್ಷದಲ್ಲಿ ಅದು ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಯಜಮಾನ ಬೆಳಗಿನ ಜಾವ ಹೋಗಿ ಕೂಲಿಯವರನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಕೊನೆಗೆ ಸಂಜೆ ಐದಕ್ಕೆ ಹೋಗಿ ಇನ್ನೂ ನಿಂತಿದ್ದವರನ್ನು ಕರೆಯುತ್ತಾನೆ. ಎಲ್ಲರಿಗೂ ಒಂದೇ ಕೂಲಿ ಕೊಡುತ್ತಾನೆ. ನಾನು ಇದನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಐದು ಗಂಟೆಯವರು ಅಂದರೆ ತಡವಾಗಿ ದೇವರ ಕಡೆ ತಿರುಗಿದವರು ಅಂತ ಅರ್ಥ ಹೇಳುತ್ತಿದ್ದೆ. ಅವತ್ತು ಗುಂಪಿನಲ್ಲಿ ಒಬ್ಬ ಗೌಂಡಿ ಇದ್ದರು. ಮೊದಲ ಸಲ ಬಂದಿದ್ದರು, ಹೆಂಡತಿಯ ಒತ್ತಾಯಕ್ಕೆ. ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟ್ ಇತ್ತು. ಅವರು ಆರಿಸಿದ ಸಾಲು, "ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ." ಮೂರು ಸಲ ಹೇಳಿದರು. ಮೂರನೇ ಸಲ ಧ್ವನಿ ಸಣ್ಣದಾಯಿತು.

ಹಂಚಿಕೊಳ್ಳುವ ಹೊತ್ತಿಗೆ ಅವರು ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ. "ಅಕ್ಕಾರ, ಸಂಜೀ ಐದಕ್ಕ ಅಲ್ಲಿ ಯಾರ್ ನಿಂತಿರ್ತಾರ ಅನ್ನೋದು ನನಗ ಗೊತ್ತೈತ್ರಿ. ಮುಂಜಾನೆ ಗಟ್ಟಿ ಆಳನ್ನ ಎಲ್ಲಾರೂ ಆರಿಸ್ಕೊಂಡು ಹೋಗಿಬಿಡ್ತಾರ. ವಯಸ್ಸಾದವ್ರು, ಕೈ ನೋವಿದ್ದವ್ರು ಉಳೀತಾರ. ಹನ್ನೊಂದಕ್ಕ ಮನಿಗೆ ಹೋಗಬೇಕು, ಆದ್ರ ಬರಿಗೈಲೆ ಹೋಗಾಕ ನಾಚಿಗಿ. ಅದಕ್ಕ ನಿಂತಿರ್ತಾರ. ಸೋಮಾರಿಗೋಳು ಅಲ್ರಿ ಅವ್ರು. ಆ ಯಜಮಾನ ಅವ್ರ ಮನಿ ಒಲಿ ನೋಡಿ ಕೂಲಿ ಕೊಟ್ಟಾನ."

ಯಾರೂ ಮಾತಾಡಲಿಲ್ಲ. ಮೂಲೆಯಲ್ಲಿ ಕೂತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಕೂಲಿಯವರಿಗೆ ಕೊಟ್ಟ ಒಂದು ದಿನಾರಿ ನಾಣ್ಯ ಅಂದರೆ ಒಂದು ಮನೆಯ ಒಂದು ದಿನದ ಊಟದ ದುಡ್ಡು ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಓದಿಯೂ ನನಗೆ ಆ ಒಲೆ ಕಂಡಿರಲಿಲ್ಲ. ಆರನೇ ಮೆಟ್ಟಿಲಿಗೆ ಬಂದಾಗ ನಿರ್ಧಾರವನ್ನೂ ಆ ಗೌಂಡಿಯೇ ಹೇಳಿದರು. ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದ ಒಬ್ಬರ ಹೆಸರು ಹೇಳಿ, ಅವರ ಮನೆಗೆ ಹೋಗಿ ಬರೋಣ ಅಂದರು. ಮೂರು ಜನ ಹೋದೆವು. ಆ ಭಾನುವಾರ ಪೂಜೆಯಲ್ಲಿ ಅದೇ ಶುಭಸಂದೇಶ ಓದುವಾಗ ನಾನು ತಿರುಗಿ ನೋಡಿದೆ. ಗೌಂಡಿ ನೆಟ್ಟಗೆ ನಿಂತು, ತುಟಿ ಆಡಿಸುತ್ತಾ ಕೇಳುತ್ತಿದ್ದರು.

ನೀವು ನಡೆಸುವವರಾದರೆ, ನಿಮ್ಮ ದೊಡ್ಡ ಕಷ್ಟ ನಿಮ್ಮ ಬಾಯಿಯನ್ನು ತಡೆಯುವುದೇ. ಮೊದಲ ವರ್ಷ ನಾನು ಹಾಳೆಗಟ್ಟಲೆ ಟಿಪ್ಪಣಿ ಬರೆದುಕೊಂಡು ಹೋಗಿ, ಅರ್ಧ ಗಂಟೆ ವಿವರಿಸುತ್ತಿದ್ದೆ. ಜನ ತಲೆಯಾಡಿಸುತ್ತಿದ್ದರು, ಮುಂದಿನ ವಾರ ಬರುತ್ತಿರಲಿಲ್ಲ. ಎಂಟು ವಾರಕ್ಕೆ ಹದಿನಾಲ್ಕು ಜನ ಇದ್ದದ್ದು ಮೂರಕ್ಕೆ ಇಳಿಯಿತು. ನನಗೆ ಬಹಳ ನೋವಾಯಿತು. ಆಮೇಲೆ ಲೂಕನ 24ನೇ ಅಧ್ಯಾಯದಲ್ಲಿ ಎಮ್ಮಾವು ಊರಿನ ದಾರಿ ಹಿಡಿದಿದ್ದ ಇಬ್ಬರು ಶಿಷ್ಯರ ಭಾಗವನ್ನು ನಿಧಾನವಾಗಿ ಓದಿದೆ. ಪುನರುತ್ಥಾನರಾದ ಸ್ವಾಮಿ ಆ ಇಬ್ಬರ ಜೊತೆ ನಡೆಯಲು ಶುರುಮಾಡಿದಾಗ ಮೊದಲು ಏನು ಮಾಡಿದರು? ಕೇಳಿದರು. ಏನು ಮಾತಾಡಿಕೊಂಡು ಹೋಗುತ್ತಿದ್ದೀರಿ ಅಂತ. ಅವರ ಬೇಸರ, ಆಸೆ ಮುರಿದದ್ದು, ಹೆಂಗಸರು ಹೇಳಿದ ಸುದ್ದಿ, ಎಲ್ಲವನ್ನೂ ಅವರ ಬಾಯಿಂದಲೇ ಹೇಳಿಸಿದರು. ಗ್ರಂಥ ಬಿಡಿಸಿ ಹೇಳಿದ್ದು ಆಮೇಲೆ. ನಾನು ಟಿಪ್ಪಣಿ ಒಯ್ಯುವುದನ್ನು ನಿಲ್ಲಿಸಿದೆ. ಈಗ ಯಾರಾದರೂ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಬರೆದುಕೊಂಡು ಫಾದರ್‌ಗೆ ಕೊಡುತ್ತೇನೆ. ಎಷ್ಟೋ ಸಲ ಭಾನುವಾರದ ಪ್ರಬೋಧನೆಯಲ್ಲೇ ಅದಕ್ಕೆ ಉತ್ತರ ಬರುತ್ತದೆ. ಪ್ರಶ್ನೆ ಕೇಳಿದವರ ಮುಖ ಆಗ ನೋಡಬೇಕು.

ಭಾಷೆಯ ಮಾತು ಹುಬ್ಬಳ್ಳಿಯಂಥ ಊರಿನಲ್ಲಿ ಬಹಳ ಮುಖ್ಯ. ರೈಲ್ವೆ ಕೆಲಸಕ್ಕೆ ಅಂತ ಎಲ್ಲೆಲ್ಲಿಂದಲೋ ಬಂದವರ ಮಕ್ಕಳು ಮೊಮ್ಮಕ್ಕಳು ನಾವು. ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಎದುರು ಕೊಂಕಣಿ, ಹೊರಗೆ ಎಲ್ಲರದೂ ಕನ್ನಡ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಜೊತೆಗೆ ಜನರ ಮಾತಿನಲ್ಲೂ ಪೂಜೆ ನಡೆಯಲು ಬಾಗಿಲು ತೆರೆಯಿತು. ಜನ ಪೂಜೆಯಲ್ಲಿ ಪೂರ್ತಿಯಾಗಿ, ತಿಳಿದು, ಮನಸ್ಸಿಟ್ಟು ಪಾಲ್ಗೊಳ್ಳಬೇಕು ಅನ್ನುವುದು ಅದರ ಆಸೆ. ಆದ್ದರಿಂದ ಗುರುವಾರ ಕನ್ನಡದಲ್ಲಿ ಓದಿ, ಆದರೆ ಹಂಚಿಕೊಳ್ಳುವಾಗ ಯಾರಿಗೆ ಯಾವ ಮಾತು ಬರುತ್ತದೋ ಅದರಲ್ಲಿ ಬಿಡಿ. ನಮ್ಮಲ್ಲಿ ಒಬ್ಬ ಅಜ್ಜಿ ತೆಲುಗಿನಲ್ಲೇ ಪ್ರಾರ್ಥನೆ ಮಾಡುತ್ತಾರೆ. ನಮಗೆ ಅರ್ಧ ತಿಳಿಯುತ್ತದೆ. ಅವರಿಗೆ ಪೂರ್ತಿ ತಿಳಿಯುತ್ತದಲ್ಲ, ಅದು ಸಾಕು.

ಗುರುವಾರ ಓದಿ ಅಭ್ಯಾಸವಾದವರನ್ನು ಮೆಲ್ಲಗೆ ಚರ್ಚಿನ ವಾಚನಪೀಠಕ್ಕೆ ಕಳಿಸಿ. ಭಾನುವಾರ ಬೆಳಗ್ಗೆ ಪೂಜೆಗೆ ಐದು ನಿಮಿಷ ಇರುವಾಗ ಯಾರ ಕೈಗೋ ಪುಸ್ತಕ ಕೊಡುವ ರೂಢಿ ಮೊದಲು ಹೋಗಬೇಕು. ಸೋಮವಾರವೇ ಹೇಳಿ. ಮನೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಓದಿಸಿ. ಸಂತ ಪೌಲನ ವಾಕ್ಯಗಳು ಉದ್ದ ಇರುತ್ತವೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ, ಬರೆದುಕೊಂಡ ಹಾಳೆಯ ಮೇಲೆ ಪೆನ್ಸಿಲ್ ಗೀಟು ಹಾಕಿ ಕೊಡಿ. ಊರಿನ ಹೆಸರು, ಮನುಷ್ಯರ ಹೆಸರು ತಡವರಿಸದಂತೆ ಬೇರೆಯಾಗಿ ಹೇಳಿಸಿ. ಮೈಕಿಗೂ ಬಾಯಿಗೂ ಒಂದು ಗೇಣು ಅಂತರ. ಕೊನೆಯ ವಾಕ್ಯ ಮುಗಿದ ಮೇಲೆ ಎರಡು ಎಣಿಸುವಷ್ಟು ನಿಂತು ಆಮೇಲೆ ಇಳಿಯಲಿ. ಚೆನ್ನಾಗಿ ಓದುವವರನ್ನೇ ಪ್ರತಿ ವಾರ ಕರೆಯಬೇಡಿ. ಆರನೇ ತರಗತಿಗೆ ಶಾಲೆ ಬಿಟ್ಟ ಒಬ್ಬ ಹೆಣ್ಣುಮಗಳು ನಮ್ಮಲ್ಲಿ ಮೂರು ವಾರ ಅಭ್ಯಾಸ ಮಾಡಿ ಯೆಶಾಯನ ಭಾಗ ಓದಿದಳು. ಅವತ್ತು ಚರ್ಚಿನಲ್ಲಿ ಒಂದು ಮಗುವೂ ಅಳಲಿಲ್ಲ ಅನ್ನಿಸಿತು ನನಗೆ.

ಹುಡುಗರನ್ನು ಸೇರಿಸುವುದು ಕಷ್ಟ. ಹತ್ತನೇ ತರಗತಿ ಮುಗಿದ ಮೇಲೆ ಧರ್ಮೋಪದೇಶವೂ ಮುಗಿಯಿತು ಅಂದುಕೊಳ್ಳುತ್ತಾರೆ. ಅವರಿಗೆ ಭಾಷಣ ಬೇಡ, ಜೊತೆ ಕೊಡಿ. ಕಣ್ಣು ಮಂಜಾದ ಅಜ್ಜ ಅಜ್ಜಿಯರ ಹೆಸರು ಬರೆದು, ಒಬ್ಬೊಬ್ಬ ಹುಡುಗನಿಗೆ ಒಂದೊಂದು ಮನೆ ಹಂಚಿ. ವಾರಕ್ಕೊಮ್ಮೆ ಹೋಗಿ ಭಾನುವಾರದ ಶುಭಸಂದೇಶ ಓದಿ ಬರಬೇಕು, ಹತ್ತು ನಿಮಿಷದ ಕೆಲಸ. ಅಜ್ಜಿಗೆ ಓದಿಸಿಕೊಂಡ ಸಮಾಧಾನ. ಹುಡುಗನಿಗೆ ಅಜ್ಜಿ ಕೇಳುವ ಪ್ರಶ್ನೆಗಳು. 2022ರ ಮೇ 15ರಂದು ಸಂತರೆಂದು ಘೋಷಿತರಾದ ದೇವಸಹಾಯಂ ಅವರ ಬದುಕನ್ನು ಹುಡುಗರಿಗೆ ಹೇಳಿ. ಗುರುವಲ್ಲ, ಸನ್ಯಾಸಿಯಲ್ಲ, ತಿರುವಾಂಕೂರು ಅರಮನೆಯಲ್ಲಿ ಕೆಲಸದಲ್ಲಿದ್ದ ಸಂಸಾರಸ್ಥ. ನಮ್ಮಂಥವರಿಗೂ ಆ ದಾರಿ ಇದೆ ಅಂತ ಅವರಿಗೆ ಗೊತ್ತಾಗಲಿ.

ಪಾಪನಿವೇದನೆಗೆ, ಅಂದರೆ ಫಾದರ್ ಹತ್ತಿರ ತಪ್ಪು ಹೇಳಿಕೊಂಡು ಕ್ಷಮೆ ಪಡೆಯಲು, ಹೋಗಿ ಅಂತ ನಾನು ಯಾರಿಗೂ ಒತ್ತಾಯ ಮಾಡುವುದಿಲ್ಲ. ಸಂತ ಇಗ್ನೇಷಿಯಸ್ ಕಲಿಸಿದ ರಾತ್ರಿಯ ಪರಿಶೀಲನೆಯನ್ನು ಹೇಳಿಕೊಡುತ್ತೇನೆ. ಮಲಗುವ ಮುಂಚೆ ಹತ್ತು ನಿಮಿಷ. ಮೊದಲು ದಿನಕ್ಕಾಗಿ ದೇವರಿಗೆ ಕೃತಜ್ಞತೆ, ಆಮೇಲೆ ಬೆಳಕು ಕೊಡು ಅಂತ ಪ್ರಾರ್ಥನೆ, ಆಮೇಲೆ ದಿನವನ್ನು ಗಂಟೆ ಗಂಟೆಯಾಗಿ ನೆನೆಯುವುದು, ತಪ್ಪಿಗೆ ಕ್ಷಮೆ, ನಾಳೆಗೆ ಒಂದು ನಿರ್ಧಾರ. ಇದನ್ನು ಒಂದು ತಿಂಗಳು ಮಾಡಿದವರು ತಾವಾಗಿಯೇ ಫಾದರ್ ಹತ್ತಿರ ಹೋಗುತ್ತಾರೆ.

ಬಾರದವರ ಮನೆಗೂ ಹೋಗಿ. ಯಾಕೆ ಬರಲಿಲ್ಲ ಅಂತ ಮಾತ್ರ ಕೇಳಬೇಡಿ. ಆರೋಗ್ಯ ಕೇಳಿ, ಮಕ್ಕಳ ಓದು ಕೇಳಿ, ಅವರ ಮನೆಗಾಗಿ ಪ್ರಾರ್ಥಿಸಲು ಏನಾದರೂ ಇದೆಯಾ ಕೇಳಿ. ಹೇಳಿದರೆ ಗುರುವಾರ ಅದನ್ನು ಪ್ರಾರ್ಥನೆಗೆ ಇಡಿ. ಹೆಸರು ಬೇಡ ಅಂದಿದ್ದರೆ ಹೆಸರು ಹೇಳಬೇಡಿ. ಗುಂಪಿನಲ್ಲಿ ಕೇಳಿದ ಮನೆ ಮಾತು ಹೊಸ್ತಿಲು ದಾಟಿತು ಅಂದರೆ ಆ ಗುಂಪು ಮತ್ತೆ ಕೂಡುವುದು ಬಹಳ ಕಷ್ಟ.

ಎರಡೇ ಜನ ಬಂದ ಗುರುವಾರಗಳೂ ಇರುತ್ತವೆ. ಮಳೆಗಾಲದಲ್ಲಿ, ಪರೀಕ್ಷೆಯ ತಿಂಗಳಲ್ಲಿ ಹಾಗೇ. ಆಗಲೂ ಏಳೂವರೆಗೆ ದೀಪ ಹಚ್ಚಿ, ಏಳು ಮೆಟ್ಟಿಲೂ ಹತ್ತಿ. ಒಂದು ವಾರ ಬಿಟ್ಟರೆ ಮುಂದಿನ ವಾರ ಬಿಡುವುದು ಸುಲಭ.

ವರ್ಷವಾದ ಮೇಲೆ ನಡೆಸುವ ಕೆಲಸವನ್ನು ಬೇರೆಯವರಿಗೆ ಕೊಡಿ. ನಮ್ಮಲ್ಲಿ ಈಗ ಅದು ಗೌಂಡಿಯವರ ಹೆಂಡತಿಯ ಕೈಯಲ್ಲಿದೆ. ಆಕೆ ನನಗಿಂತ ಕಡಿಮೆ ಮಾತಾಡುತ್ತಾಳೆ. ನನ್ನ ಹತ್ತಿರ ಉಳಿದಿರುವುದು ಒಂದು ನೋಟ್‌ಬುಕ್. ಪ್ರತಿ ವಾರದ ತಾರೀಕು, ಓದಿದ ಭಾಗ, ಯಾರು ಯಾವ ಪದ ಆರಿಸಿದರು ಅಂತ ಬರೆದಿಡುತ್ತೇನೆ. ನೀವೂ ಒಂದು ಇಟ್ಟುಕೊಳ್ಳಿ. ಮೂರು ವರ್ಷದ ಮೇಲೆ ಅದೇ ಶುಭಸಂದೇಶ ತಿರುಗಿ ಬಂದಾಗ ಹಳೆಯ ಪುಟ ತೆಗೆದು ಓದಿ ಹೇಳಿ. ಕಳೆದ ಸಲ "ಹೆದರಬೇಡ" ಅನ್ನುವ ಪದ ಆರಿಸಿದ್ದ ಅಜ್ಜ ಈಗ ನಮ್ಮ ಜೊತೆ ಇಲ್ಲ. ಅವರ ಪದವನ್ನು ಈ ಸಲ ಅವರ ಮೊಮ್ಮಗಳು ಮೂರು ಸಲ ಹೇಳಿದಳು.